ಗಣಿತದ ಉಪಾಧ್ಯಾಯಿನಿಯರು

ಮಾನವನು ಗಗನಕ್ಕೇರಿದ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪಾಠಪುಸ್ತಕಗಳಲ್ಲಿ ಓದಿರುತ್ತಾರೆ. ಅಮೆರಿಕದ ಆ ಸಾಹಸದ ಹಿಂದೆ ಲೆಕ್ಕ ಹಾಕುತ್ತ ಕುಳಿತಿದ್ದವರಲ್ಲಿ ಕಪ್ಪು ಜನಾಂಗದ ಸ್ತ್ರೀಯರೂ ಇದ್ದರೆಂಬುದು, ಅವರಲ್ಲಿ ಹಲವರು ಮೊದಲು ಶಾಲಾ ಉಪಾಧ್ಯಾಯಿನಿಯರಾಗಿದ್ದರೆಂಬುದು ಬಹುಕಾಲ ಹೊರಜಗತ್ತಿಗೆ ತಿಳಿದಿರಲಿಲ್ಲ. ಉದ್ಯೋಗದಲ್ಲಿ ಮೇಲೇರಲೂ ಸಂಸಾರವನ್ನು ಸಾಗಿಸಲೂ ಅವರು ಪಟ್ಟ ಪಾಡು, ಅದೇ ವೃತ್ತಿಯಲ್ಲಿರುವ ನಾವು ವಿಚಾರಿಸತಕ್ಕ ವಿಷಯವಾಗಿದೆ.

ವರ್ಜೀನಿಯ ಸಂಸ್ಥಾನದ ಹ್ಯಾಂಪ್ಟನ್ ಪಟ್ಟಣದಲ್ಲಿ ಲ್ಯಾಂಗ್ಲೆ ಎಂಬ ವಿಮಾನ ಸಂಶೋಧನಾಲಯವಿದೆ. ಅಂದಿನ ದಿನಗಳಲ್ಲಿ 'ಕಂಪ್ಯೂಟರ್' ಎಂದರೆ ಲೆಕ್ಕ ಮಾಡುವ ಮನುಷ್ಯರು. ವಾಯುಸುರಂಗಗಳಲ್ಲಿ ದೊರೆತ ಅಳತೆಗಳನ್ನು ಸಂಸ್ಕರಿಸುವುದು ಅವರ ಕೆಲಸ. ೧೯೪೧ರಲ್ಲಿ ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫರು ರಾಜಧಾನಿಗೆ ಮೆರವಣಿಗೆ ತರುವೆವೆಂದು ಸಾರಿದಾಗ, ಅಧ್ಯಕ್ಷ ರೂಸ್‌ವೆಲ್ಟರು ಯುದ್ಧೋದ್ಯಮಗಳ ನೇಮಕದಲ್ಲಿ ವರ್ಣಭೇದ ಸಲ್ಲದೆಂದು ಆಜ್ಞೆ ಹೊರಡಿಸಿದರು. ಯುದ್ಧಕ್ಕೆ ಜನ ಬೇಕಾಗಿತ್ತು, ಬಾಗಿಲು ತೆರೆಯಿತು. ಆದರೆ ಒಳಗೆ ಬಂದವರಿಗೆ ಬೇರೆ ಕೊಠಡಿ, ಬೇರೆ ಶೌಚಗೃಹ, ಭೋಜನಶಾಲೆಯಲ್ಲಿ ಬೇರೆ ಮೇಜು. ಆ ಮೇಜಿನ ಮೇಲಿಟ್ಟಿದ್ದ ವರ್ಣಸೂಚಕ ಫಲಕವನ್ನು ಮಿರಿಯಮ್ ಮ್ಯಾನ್ ಎಂಬಾಕೆ ಮತ್ತೆ ಮತ್ತೆ ತೆಗೆದು ತನ್ನ ಕೈಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು.

೧೯೪೩ರಲ್ಲಿ ಅಲ್ಲಿಗೆ ಬಂದ ಡೊರೊಥಿ ವಾನ್ ಅವರು ಫಾರ್ಮ್‌ವಿಲ್ ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಯುದ್ಧ ಮುಗಿಯುವವರೆಗಿನ ಕೆಲಸವೆಂದು ತಿಳಿದು, ಮಕ್ಕಳನ್ನು ಮನೆಯ ಹಿರಿಯರ ಬಳಿ ಬಿಟ್ಟು ಒಬ್ಬರೇ ಹೊರಟರು. ಮಕ್ಕಳು ತಾಯಿಯನ್ನು ಕೂಡಿಕೊಂಡದ್ದು ಆಮೇಲೆ. ೧೯೪೯ರಲ್ಲಿ ತಮ್ಮ ವಿಭಾಗದ ಮೇಲ್ವಿಚಾರಕಿಯಾದರು. ಆ ಸಂಸ್ಥೆಯಲ್ಲಿ ಕಪ್ಪು ಜನಾಂಗದವರೊಬ್ಬರಿಗೆ ಅಂಥ ಪದವಿ ದೊರೆತದ್ದು ಅದೇ ಮೊದಲು. ೧೯೫೮ರಲ್ಲಿ ಸಂಸ್ಥೆ ನಾಸಾ ಆಗಿ ಮಾರ್ಪಟ್ಟಾಗ ಪ್ರತ್ಯೇಕ ವಿಭಾಗವು ರದ್ದಾಯಿತು. ಅನ್ಯಾಯದ ಏರ್ಪಾಡು ಹೋಯಿತು. ಅದರೊಡನೆ ಅವರ ಅಧಿಕಾರವೂ ಹೋಯಿತು. ಅವರು ಎದೆಗುಂದದೆ ಫೋರ್ಟ್ರಾನ್ ಎಂಬ ಗಣಕಯಂತ್ರ ಕ್ರಮವಿಧಿಯ ಭಾಷೆಯನ್ನು ಕಲಿತು ಇತರರಿಗೂ ಕಲಿಸಿದರು. ಆದರೂ ಮತ್ತೊಂದು ಮೇಲ್ವಿಚಾರಕ ಪದವಿಯನ್ನು ಬಯಸಿದ ಅವರಿಗೆ ೧೯೭೧ರಲ್ಲಿ ನಿವೃತ್ತರಾಗುವವರೆಗೂ ಅದು ದೊರೆಯಲಿಲ್ಲ.

ಕ್ಯಾಥರೀನ್ ಜಾನ್‌ಸನ್ ಅವರು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಉನ್ನತ ತರಗತಿಗೆ ಆಯ್ಕೆಯಾದ ಮೊದಲ ಮೂವರು ಕಪ್ಪು ವಿದ್ಯಾರ್ಥಿಗಳಲ್ಲಿ ಒಬ್ಬರು. ಸಂಸಾರಕ್ಕಾಗಿ ಆ ವ್ಯಾಸಂಗವನ್ನು ಬಿಟ್ಟರು. ಮೂವರು ಹೆಣ್ಣುಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಉಪಾಧ್ಯಾಯಿನಿಯಾಗಿ, ೧೯೫೩ರಲ್ಲಿ ಲ್ಯಾಂಗ್ಲೆಗೆ ಸೇರಿದರು. ೧೯೫೬ರಲ್ಲಿ ಪತಿ ತೀರಿಕೊಂಡರು. ಮಕ್ಕಳ ಪೋಷಣೆ, ದುಃಖ, ಲೆಕ್ಕ ಎಲ್ಲವನ್ನೂ ಒಟ್ಟಿಗೆ ಹೊತ್ತರು. ೧೯೬೦ರಲ್ಲಿ ಅವರ ವಿಭಾಗದ ವರದಿಯೊಂದರ ಮೇಲೆ ಪ್ರಥಮ ಬಾರಿಗೆ ಸ್ತ್ರೀಯೊಬ್ಬಳ ಹೆಸರು ಲೇಖಕಿಯಾಗಿ ಅಚ್ಚಾಯಿತು; ಅದು ಅವರದೇ ಹೆಸರು. ೧೯೬೨ರಲ್ಲಿ ಜಾನ್ ಗ್ಲೆನ್ ಭೂಪ್ರದಕ್ಷಿಣೆಗೆ ಹೊರಡುವ ಮುನ್ನ, ಯಂತ್ರದ ಲೆಕ್ಕವನ್ನು ಆಕೆಯೇ ಕೈಯಿಂದ ಪರೀಕ್ಷಿಸಲಿ ಎಂದು ಕೇಳಿಕೊಂಡನು.

ಮೇರಿ ಜಾಕ್ಸನ್ ಅವರದೂ ಇಂಥದೇ ಹಾದಿ. ಇಂಜಿನಿಯರಾಗಲು ಬೇಕಾದ ಸಂಜೆಯ ತರಗತಿಗಳು ಬಿಳಿಯರ ಶಾಲೆಯಲ್ಲಿ ನಡೆಯುತ್ತಿದ್ದುದರಿಂದ, ಅಲ್ಲಿ ಕುಳಿತು ಕಲಿಯಲು ನಗರಾಡಳಿತದ ವಿಶೇಷ ಅಪ್ಪಣೆಯನ್ನು ಪಡೆಯಬೇಕಾಯಿತು. ಹಗಲು ಕೆಲಸ, ಸಂಜೆ ಪಾಠ. ೧೯೫೮ರಲ್ಲಿ ನಾಸಾದ ಪ್ರಥಮ ಕಪ್ಪು ಮಹಿಳಾ ಇಂಜಿನಿಯರಾದರು. ೧೯೭೯ರಲ್ಲಿ, ಮುಂದಿನ ಮೆಟ್ಟಿಲು ತಮಗೆ ಸಿಗದೆಂದು ಕಂಡುಕೊಂಡು, ತಾವಾಗಿ ಕೆಳಗಿನ ಹುದ್ದೆಗೆ ಇಳಿದು, ಇತರ ಸ್ತ್ರೀಯರ ನೇಮಕ ಮತ್ತು ಬಡ್ತಿಗಾಗಿ ದುಡಿದರು.

೧೯೬೭ರಲ್ಲಿ ಲೆಕ್ಕದ ವಿಭಾಗಕ್ಕೆ ಬಂದ ಕ್ರಿಸ್ಟೀನ್ ಡಾರ್ಡೆನ್ ಅವರೂ ಮಾಜಿ ಉಪಾಧ್ಯಾಯಿನಿಯೇ. ಸಮಾನ ವಿದ್ಯೆಯುಳ್ಳ ಪುರುಷರು ಇಂಜಿನಿಯರುಗಳಾಗುತ್ತಿರಲು ಸ್ತ್ರೀಯರೇಕೆ ಲೆಕ್ಕಕ್ಕೆ ಮಾತ್ರ ಎಂದು ಅವರು ಅಧಿಕಾರಿಯನ್ನು ನೇರವಾಗಿ ಕೇಳಿದರು. ಆ ಪ್ರಶ್ನೆಯ ಫಲವಾಗಿ ಇಂಜಿನಿಯರಿಂಗ್ ವಿಭಾಗ ದೊರೆಯಿತು; ಸಂಸಾರದೊಡನೆಯೇ ಓದಿ ೧೯೮೩ರಲ್ಲಿ ಡಾಕ್ಟರೇಟ್ ಪಡೆದರು.

ಪ್ರತಿಭೆಯಿದ್ದವರಿಗೆ ದಾರಿ ತಾನಾಗಿ ತೆರೆಯುತ್ತದೆಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಈ ಚರಿತ್ರೆ ಆ ಮಾತನ್ನು ಒಪ್ಪುವುದಿಲ್ಲ. ಚಳವಳಿಯ ಒತ್ತಾಯವಿಲ್ಲದೆ ಆಜ್ಞೆ ಹೊರಡಲಿಲ್ಲ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೈಗಳಿಲ್ಲದೆ ತಾಯಿ ಹೊರಡಲಾಗಲಿಲ್ಲ. ಕೇಳದೆ ಬಡ್ತಿ ಬರಲಿಲ್ಲ, ಕೆಲವೊಮ್ಮೆ ಕೇಳಿದರೂ ಬರಲಿಲ್ಲ. ಮನ್ನಣೆಯಂತೂ ಬಹಳ ತಡವಾಯಿತು. ೨೦೧೯ರಲ್ಲಿ ಈ ನಾಲ್ವರಿಗೆ ಅಮೆರಿಕದ ಸಂಸತ್ತಿನ ಚಿನ್ನದ ಪದಕ ಘೋಷಣೆಯಾದಾಗ ಡೊರೊಥಿ ಮತ್ತು ಮೇರಿ ಬದುಕಿರಲಿಲ್ಲ.

ನಮ್ಮ ತರಗತಿಗಳಲ್ಲಿಯೂ ಲೆಕ್ಕದಲ್ಲಿ ಚುರುಕಾದ ಹುಡುಗಿಯರಿದ್ದಾರೆ. ಅವರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಮುಂದೆ ಓದಲು ಅವರಿಗೆ ಮನೆಯಲ್ಲಿ ಬಿಡುವು ಯಾರು ಕೊಡುವರು, ಯಾವ ಬಾಗಿಲು ಮುಚ್ಚಿದೆ, ಅದನ್ನು ತಟ್ಟುವವರು ಯಾರು ಎಂದು ವಿಚಾರಿಸುವುದೂ ಉಪಾಧ್ಯಾಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.