ಹಲವು ಕೈ, ಒಂದೇ ಖಾತೆ

ನೆರೆ ಬಂದಾಗ ಹತ್ತು ಸಂಘದವರು ಹತ್ತು ರಸೀದಿ ಪುಸ್ತಕ ಹಿಡಿದು ಬಂದರೆ ಯಾರಿಗೆ ಕೊಡುತ್ತೀರಿ? ಈ ತೊಡಕಿಗೆ ಬ್ರಿಟನ್ನಿನ ರೆಡ್ ಕ್ರಾಸ್, ಆಕ್ಸ್‌ಫ್ಯಾಮ್ ಮೊದಲಾದ ಸೇವಾಸಂಸ್ಥೆಗಳು 1963ರಲ್ಲಿ ದಾರಿ ಕಂಡುಕೊಂಡವು. ಕೂಡಿ ಒಂದು ವಿಪತ್ತು ಸಮಿತಿ ಕಟ್ಟಿದವು. ದೊಡ್ಡ ವಿಪತ್ತು ಬಂದಾಗ ಬಿ.ಬಿ.ಸಿ. ಮೊದಲಾದ ಪ್ರಸಾರ ಸಂಸ್ಥೆಗಳಲ್ಲಿ ಎಲ್ಲರ ಪರವಾಗಿ ಒಂದೇ ಮನವಿ, ಹಣಕ್ಕೂ ಒಂದೇ ನಿಧಿ. ಹಂಚಿಕೆಯ ಲೆಕ್ಕಕ್ಕೆ ಮೊದಲೇ ಒಪ್ಪಂದ.

2001ರ ಗುಜರಾತ್ ಭೂಕಂಪಕ್ಕೂ ಹೀಗೆ ಹಣ ಬಂತು. ಅದು ಹೇಗೆ ಬಳಕೆಯಾಯಿತೆಂದು ಹೊರಗಿನವರಿಂದ ಪರಿಶೀಲನೆ ಮಾಡಿಸಿ ವರದಿ ಪ್ರಕಟಿಸಿದರು. 2004ರ ಸುನಾಮಿಗೆ ಕೂಡಿದ್ದು 39 ಕೋಟಿ 20 ಲಕ್ಷ ಪೌಂಡು.

ಬ್ಯಾಂಕಿನಲ್ಲಿ ದುಡಿದವನ ಮಾತಿಷ್ಟೆ: ಕೊಡುವ ಮುನ್ನ ಖಾತೆ ಯಾರ ಹೆಸರಿನದೆಂದು ಕೇಳಿ, ಕೊಟ್ಟ ಮೇಲೆ ಲೆಕ್ಕ ಕೇಳಲು ಸಂಕೋಚ ಬೇಡ.