ಶಿಸ್ತಿನ ಶಿವಪ್ಪ ನಾಯಕ: ಬಾಳು ಮತ್ತು ಮನೆತನ

ಕೆಳದಿ ಅರಸರ ಪೈಕಿ ಮಲೆನಾಡಿನ ಜನರ ನೆನಪಿನಲ್ಲಿ ಆಳವಾಗಿ ನೆಲೆಸಿದ ಹೆಸರುಗಳಲ್ಲಿ ಶಿವಪ್ಪ ನಾಯಕನದು (ಆಳ್ವಿಕೆ 1645-1660) ಪ್ರಮುಖವಾದುದು. ಗೆದ್ದ ಕೋಟೆಗಳಿಗಿಂತ, ಭೂಮಿಯ ಕಂದಾಯವನ್ನು ಗೊತ್ತುಪಡಿಸಿದ 'ಶಿಸ್ತು' ಎಂಬ ಪದ್ಧತಿಯೇ ಆತನಿಗೆ ಬಿರುದಾಗಿ ಉಳಿಯಿತು.

ಮನೆತನ: ಕ್ರಿ.ಶ. 1500ರ ಸುಮಾರಿಗೆ ಚೌಡಪ್ಪನಿಂದ ಆರಂಭವಾದ ಈ ಗೌಡ ಮನೆತನ ವಿಜಯನಗರದ ಸಾಮಂತರಾಗಿ ಬೆಳೆಯಿತು. ರಾಜಧಾನಿ ಮೊದಲು ಕೆಳದಿ, ಬಳಿಕ ಇಕ್ಕೇರಿ. ಇವೆರಡೂ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಬಿಜಾಪುರದ ದಾಳಿಯ ನಂತರ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ, ಅಂದರೆ ಹೊಸನಗರ ತಾಲ್ಲೂಕಿನ ಈಗಿನ ನಗರಕ್ಕೆ ವರ್ಗಾಯಿಸಿದ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವೂ ಈ ಮನೆತನದ ಭದ್ರನೆಲೆಯಾಗಿತ್ತು.

ಪಟ್ಟ: ವೀರಭದ್ರನಿಗೆ ಮಕ್ಕಳಿರಲಿಲ್ಲ. ಸಿದ್ದಪ್ಪ ನಾಯಕನ ಮಗನೂ ವೀರಭದ್ರನ ಬಂಧುವೂ ಆದ ಶಿವಪ್ಪ 1645ರಲ್ಲಿ ಪಟ್ಟವೇರಿದ. 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳು ಆತನ ವಶವಾದವು. ರಾಜ್ಯ ಕಳೆದುಕೊಂಡು ಬಂದ ವಿಜಯನಗರದ ಅರಸ ಶ್ರೀರಂಗರಾಯನಿಗೆ ಆಶ್ರಯ ನೀಡಿದ.

ಶಿಸ್ತು: ಹಳ್ಳಿಗಳಲ್ಲಿ ಐದು ಬಗೆಯ ಜಮೀನುಗಳನ್ನು ಆರಿಸಿ, ಹನ್ನೆರಡು ವರ್ಷ ಸರ್ಕಾರದ ವತಿಯಿಂದಲೇ ಬೇಸಾಯ ಮಾಡಿಸಿ, ಬಿತ್ತನೆ, ಖರ್ಚು, ಫಸಲು, ಧಾರಣೆಗಳ ಲೆಕ್ಕವಿಡಿಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಸರಾಸರಿ ಫಸಲಿನ ಮೂರನೆಯ ಒಂದು ಭಾಗವನ್ನು ಕಂದಾಯವೆಂದು ನಿಗದಿಪಡಿಸಲಾಯಿತು. ಅಡಿಕೆ ತೋಟಗಳಿಗೆ ಸಾವಿರ ಮರಗಳ ಲೆಕ್ಕದಲ್ಲಿ ತೆರಿಗೆ ಗೊತ್ತಾಯಿತು. ತಾನು ತೆರಬೇಕಾದುದೆಷ್ಟು ಎಂಬುದು ರೈತನಿಗೆ ಮೊದಲೇ ತಿಳಿದಿರುತ್ತಿದ್ದುದೇ ಇದರ ಹೆಚ್ಚುಗಾರಿಕೆ.

ವಾರಸಿಕೆ: ಭೂಮಿಗೆ ತಂದ ವ್ಯವಸ್ಥೆ ಅರಮನೆಗೆ ದಕ್ಕಲಿಲ್ಲ. 1660ರಲ್ಲಿ ಶಿವಪ್ಪ ತೀರಿಕೊಂಡ ನಂತರದ ಹನ್ನೆರಡು ವರ್ಷಗಳೊಳಗೆ ಸಹೋದರ ವೆಂಕಟಪ್ಪ, ಹಿರಿಯ ಮಗ ಭದ್ರಪ್ಪ, ಕಿರಿಯ ಮಗ ಸೋಮಶೇಖರ ಒಬ್ಬರ ನಂತರ ಒಬ್ಬರು ಆಳಿ ಅಳಿದರು. ಸೋಮಶೇಖರ ಕೊಲೆಯಾದ, ಆತನಿಗೆ ಸಂತಾನವಿರಲಿಲ್ಲ. ಆಗ ರಾಜ್ಯವನ್ನು ಉಳಿಸಿದವಳು ಸೊಸೆ ಚೆನ್ನಮ್ಮಾಜಿ. ಬಸಪ್ಪನನ್ನು ದತ್ತು ಪಡೆದು ಸುಮಾರು ಕಾಲು ಶತಮಾನ ಆಳಿದ ಆಕೆ, ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ದತ್ತುಪುತ್ರ ಬಸಪ್ಪ ನಾಯಕ 'ಶಿವತತ್ತ್ವರತ್ನಾಕರ' ಎಂಬ ಬೃಹತ್ ಸಂಸ್ಕೃತ ಗ್ರಂಥವನ್ನು ರಚಿಸಿದ. ಶಿವಪ್ಪನ ನೇರ ಸಂತತಿ ಮುಗಿದರೂ ಮನೆತನ ಮುಂದುವರಿಯಿತು.

1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡಾಗ, ರಾಣಿ ವೀರಮ್ಮಾಜಿಯೊಂದಿಗೆ ಕೆಳದಿಯ ಆಳ್ವಿಕೆ ಕೊನೆಗೊಂಡಿತು. ಶಿಸ್ತು ಮಾತ್ರ ಅಳಿಯಲಿಲ್ಲ. ಮುಂದಿನವರು ಹೇರಿದ 'ಪಟ್ಟಿ'ಗಳನ್ನು ಶಿಸ್ತಿನ ಮೇಲಣ ಹೆಚ್ಚಳವೆಂದೇ ಲೆಕ್ಕ ಹಾಕಲಾಗುತ್ತಿತ್ತು. ಇಂದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಕೆಳದಿ ಶಿವಪ್ಪ ನಾಯಕನ ಹೆಸರನ್ನು ಹೊತ್ತಿದೆ.