ಎಂಜಿನ್ ಬೇಡ ಅಂದವರು ಬ್ಯಾಟರಿಗೆ ಹೂಂ ಅಂದಿದ್ದು

1/6
ಹಾರಾಟದ ಇತಿಹಾಸ ಅಂದ್ರ ಎಲ್ಲರೂ ಎಂಜಿನ್ ಕಥೀನೇ ಹೇಳ್ತಾರ. ಇವತ್ತು ಎಂಜಿನ್ ಇಲ್ಲದವರ ಕಥೆ ನೋಡೋಣ್ರಿ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಮಾರ್ಚ್ ತಿಂಗಳ ಮಧ್ಯಾಹ್ನ ಎರೆಹೊಲದ ಮೇಲೆ ಹದ್ದು ರೆಕ್ಕೆ ಬಡಿಯದೇ ಸುತ್ತುತ್ತಾ ಮೇಲೇರ್ತದಲ್ಲ, ಅದೇ ಲೆಕ್ಕ. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಇದರ ಪೆಟ್ರೋಲ್. ಇವತ್ತಿನ ಒಳ್ಳೆ ಗ್ಲೈಡರ್ 1 ಮೀಟರ್ ಇಳಿಯುವಷ್ಟರಲ್ಲಿ 50 ಮೀಟರ್ ಮುಂದೆ ಹೋಗಿರ್ತದ. ಧಾರವಾಡದ ಮೇಲೆ 400 ಮೀಟರ್ ಎತ್ತರದಿಂದ ಹೊರಟರೆ, ಗಾಳಿ ಸುಮ್ಮನಿದ್ದರೆ, ಸುಮಾರು 20 ಕಿ.ಮೀ. ದೂರದ ಹುಬ್ಬಳ್ಳಿ ಮುಟ್ಟಬಹುದು.

2/6
ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರ ವರ್ಸೈ ಒಪ್ಪಂದ ಎಂಜಿನ್ ವಿಮಾನಗಳ ಮೇಲೆ ಕಟ್ಟುನಿಟ್ಟು ಹಾಕಿತು. ಅಲ್ಲಿನ ಹುಡುಗರು 1920ರಲ್ಲಿ ವಾಸರ್‌ಕುಪ್ಪೆ ಬೆಟ್ಟದ ಮೇಲೆ ಗ್ಲೈಡರ್ ಸ್ಪರ್ಧೆ ಶುರು ಮಾಡಿದರು. ಅದೇ ದೇಶದ ಗೋಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ 1936ರಲ್ಲಿ ಡಾಕ್ಟರೇಟ್ ಪಡೆದವರು ವಿ.ಎಂ. ಘಾಟಗೆ. ನಮ್ಮ ಸಂಕೇಶ್ವರದ ಆಚೆ, ಗಡಹಿಂಗ್ಲಜ ಕಡೆಯವರು! 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ಯುದ್ಧದ ಕಾಲದಲ್ಲಿ ಅವರು ವಿನ್ಯಾಸ ಮಾಡಿಕೊಟ್ಟಿದ್ದು 10 ಸೀಟಿನ ಗ್ಲೈಡರ್. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ ಅವರದೇ, ಆದರೆ ಅದು ಆಮೇಲೆ. ಎಂಜಿನ್ ಇಲ್ಲದ್ದೇ ಮೊದಲು ಬಂತು.

3/6
ಗ್ಲೈಡರ್‌ಗೆ ಎರಡು ತಲೆನೋವು. ಒಂದು, ಮೇಲೆ ಹತ್ತೋದು. ನೆಲದ ಮೇಲಿನ ವಿಂಚ್ ಹಗ್ಗದಿಂದ ಎಳೀಬೇಕು, ಇಲ್ಲಾ ಇನ್ನೊಂದು ವಿಮಾನ ಎಳಕೊಂಡು ಹೋಗಬೇಕು. ಎರಡು, ಬಿಸಿಗಾಳಿ ಕೈಕೊಟ್ಟರೆ ಯಾರದೋ ಹೊಲದಾಗ ಇಳೀಬೇಕು. ಆಮೇಲೆ ಗೆಳೆಯರು ಟ್ರೇಲರ್ ತಂದು, ರೆಕ್ಕೆ ಬಿಚ್ಚಿ, ಮನೆಗೆ ಹೊತ್ತೊಯ್ಯಬೇಕು. ಅದಕ್ಕೇ ಮಡಚುವ ಸಣ್ಣ ಪೆಟ್ರೋಲ್ ಎಂಜಿನ್ ಬಂತು. ಬೆನ್ನಿನಿಂದ ಹೊರಗೆ ಎದ್ದು ನಿಲ್ಲೋದು. ಎದ್ದು ನಿಂತ ಮೇಲೆ ಸ್ಟಾರ್ಟ್ ಆಗಲಿಲ್ಲ ಅಂದ್ರ ಇನ್ನೂ ಕಷ್ಟ: ಅದು ಗಾಳಿಗೆ ಅಡ್ಡ ಬಂದು ಗ್ಲೈಡರ್ ಬೇಗ ಇಳೀತದ. ಹಾಗಾಗಿ ಇಳಿಯೋಕೆ ಹೊಲ ನೋಡಿಟ್ಟುಕೊಂಡೇ ಎಂಜಿನ್ ಮುಟ್ಟಬೇಕು ಅನ್ನೋದು ಪಾಠ. ‘ಎಂಜಿನ್ ಇದ್ದರೆ ಅದು ಗ್ಲೈಡಿಂಗೇ ಅಲ್ಲ’ ಅನ್ನುವವರೂ ಇದ್ದರು.

4/6
1973ರ ಅಕ್ಟೋಬರ್ 21ರಂದು ಆಸ್ಟ್ರಿಯಾದಲ್ಲಿ ಮೋಟಾರ್ ಗ್ಲೈಡರೊಂದು ಬರೀ ಬ್ಯಾಟರಿಯಿಂದ ಮೇಲೆದ್ದಿತು. ಹೆಸರು ಎಂಬಿ-ಇ1. ಹಾರಿದ್ದು ಕೆಲವೇ ನಿಮಿಷ, ಯಾಕಂದ್ರ ಆಗಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಭಾರ ಜಾಸ್ತಿ, ದಮ್ಮು ಕಡಿಮೆ. ಲಿಥಿಯಂ ಬಂದ ಮೇಲೆ ಲೆಕ್ಕ ಬದಲಾಯ್ತು. ಜರ್ಮನಿಯ ಆಂಟಾರೆಸ್ 20ಇ ತಾನೇ ಮೇಲೆದ್ದು ಹಾರುವ ಎಲೆಕ್ಟ್ರಿಕ್ ಗ್ಲೈಡರ್. 2006ರಲ್ಲಿ ಯುರೋಪಿನ ಪ್ರಮಾಣಪತ್ರ ಪಡೀತು. ಸ್ಲೊವೇನಿಯಾದವರು ಮೂಗಿನ ತುದಿಗೇ ಪ್ರೊಪೆಲರ್ ಕೂರಿಸಿದರು. ನಿಂತಾಗ ಎಲೆಗಳು ಹಿಂದಕ್ಕೆ ಮಡಚಿ ಮೈಗೆ ಅಂಟಿಕೊಳ್ತಾವ. ಸ್ವಿಚ್ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ತಿರುಗ್ತದ. ಹಟದಿಂದ ಬೇಡ ಅಂದವರ ಮನಸ್ಸು ಕರಗಿದ್ದು ಇಲ್ಲೇ: ಇದನ್ನು ನಂಬಬಹುದು ಅನ್ನಿಸ್ತು.

5/6
ನಂಬಿಕೆ ಪುಕ್ಕಟೆ ಬರಲಿಲ್ಲ. ಸ್ಪರ್ಧೆಯಲ್ಲಿ ಯಾರು ಎಲ್ಲಿ ಎಂಜಿನ್ ಹಾಕಿದರು ಅಂತ ಹಾರಾಟದ ರೆಕಾರ್ಡರ್ ಬರೆದಿಡ್ತದ. ಎಂಜಿನ್ ಹಾಕಿದ ಜಾಗಕ್ಕೇ ಅಂಕ ನಿಲ್ತದ, ಹೊಲದಾಗ ಇಳಿದಂತೆ. ಹಳೆ ಯಂತ್ರ ಇದನ್ನು ಹಿಡೀತಿದ್ದದ್ದು ಎಂಜಿನ್ ಸದ್ದಿನಿಂದ. ಎಲೆಕ್ಟ್ರಿಕ್ ಮೋಟಾರ್‌ಗೆ ಅಷ್ಟು ಸದ್ದೇ ಇಲ್ಲ! ಹಾಗಾಗಿ ಮೋಟಾರ್ ಓಡಿದ್ದನ್ನು ಬೇರೆಯಾಗಿ ದಾಖಲಿಸುವ ಸೆನ್ಸರ್ ಬೇಕಾಯ್ತು. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರ, ವ್ಯವಹಾರ ಬದಲಾದಾಗ ಆಡಿಟ್ ಕೂಡ ಬದಲಾಗಬೇಕು. 2017ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಗ್ಲೈಡರಿನ ಬ್ಯಾಟರಿಗೆ ಬೆಂಕಿ ಬಿತ್ತು. ಪೈಲಟ್ ಪಾರಾದರು. ಆಮೇಲೆ ಬ್ಯಾಟರಿ ನಿಯಮ ಬಿಗಿಯಾದವು.

6/6
ನಮಗೇನು ಇದರಿಂದ? ಪುಣೆಯ ಹಡಪಸರದ ಗ್ಲೈಡಿಂಗ್ ಕೇಂದ್ರ ಇವತ್ತಿಗೂ ನೆನಪಾಗೋದು ವಿಂಚ್ ಹಗ್ಗದಿಂದ. ವಿಂಚು, ಎಳೆಯೋ ವಿಮಾನ, ಅದರ ಪೈಲಟ್, ಪೆಟ್ರೋಲ್: ಇವೆಲ್ಲ ಒಬ್ಬರು ಹಾರಿದರೂ ಬೇಕು, ಹತ್ತು ಜನ ಹಾರಿದರೂ ಬೇಕು. ವಿಂಚ್ ಕೆಟ್ಟ ದಿನ ಎಲ್ಲರೂ ನೆಲದ ಮೇಲೆ. ತಾನೇ ಏಳುವ ಎಲೆಕ್ಟ್ರಿಕ್ ಗ್ಲೈಡರ್ ಈ ಹಂಗು ಬಿಡಿಸ್ತದ. ಆದ್ರ ಅದರ ಬೆಲೆ ದೊಡ್ಡದು, ಬ್ಯಾಟರಿಗೂ ಸವಕಳಿ ಐತಿ. ಯುರೋಪಿನಲ್ಲಿ ಹೂಂ ಅಂದವರಲ್ಲಿ ಹೆಚ್ಚಿನವರು ಕೊಳ್ಳುವ ಶಕ್ತಿ ಇದ್ದವರು. 2025ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಎನ್‌ಎಎಲ್ ರೂಪಿಸುತ್ತಿರುವ ಇ-ಹನ್ಸಾ ಎಂಬ ಎರಡು ಸೀಟಿನ ಎಲೆಕ್ಟ್ರಿಕ್ ತರಬೇತಿ ವಿಮಾನದ ಸುದ್ದಿ ಕೊಟ್ಟಿತು. ಅಂದಾಜು ಬೆಲೆ ಸುಮಾರು 2 ಕೋಟಿ. ಅದು ಗ್ಲೈಡರ್ ಅಲ್ಲ. ಆದರೆ ಬ್ಯಾಟರಿ, ಮೋಟಾರ್ ಇಲ್ಲೇ ಕಲಿತರೆ ಮುಂದೆ ಗ್ಲೈಡರ್‌ಗೂ ದಾರಿ ಆಗ್ತದ. ಘಾಟಗೆ ಗ್ಲೈಡರ್‌ನಿಂದ ಎಂಜಿನ್ ಕಡೆ ಹೋದರು. ನಾವು ಆ ಕಡೆಯಿಂದ ಈ ಕಡೆ ಬರಬಹುದು. ಎರೆಹೊಲದ ಬಿಸಿಗಾಳಿಗಂತೂ ನಮ್ಮಲ್ಲಿ ಬರ ಇಲ್ಲ.

ನಿಮ್ಮ ಮನೆಯಲ್ಲಿ ಎನ್‌ಸಿಸಿ ಏರ್‌ವಿಂಗ್‌ನಲ್ಲಿ ಗ್ಲೈಡರ್ ಹಾರಿಸಿದ ಅಜ್ಜ, ಕಾಕಾ ಯಾರಾದರೂ ಇದ್ರ ಕೇಳಿ ಬರೀರಿ. ಮುಂದಿನ ಭಾಗಕ್ಕೆ ಬೇಕು.

#ಹಾರಾಟದಇತಿಹಾಸ #ಹುಬ್ಬಳ್ಳಿಧಾರವಾಡ #ಗ್ಲೈಡರ್